ಬೀಗಿತಿಯರ ಬೇಸಿಗೆ

ಏಪ್ರಿಲ್ 3
ಬಣ್ಣದ ಶೆಡ್ಡಿನಿಂದ

ಬೀಗಿತಿಯವರಿಗೆ ನಮಸ್ಕಾರ.

ನಾವೆಲ್ಲ ಕ್ಷೇಮ ಅಂತ ಬರೆಯಬೇಕು, ಆದರೆ ನನ್ನ ಎಡಗಡೆಯ ಮೊಣಕಾಲು ಆ ‘ನಾವೆಲ್ಲ’ದಲ್ಲಿ ಸೇರಲು ಒಪ್ಪುತ್ತಿಲ್ಲ. ಮೂವತ್ತೊಂದು ಬೇಸಿಗೆ ಕುದುರೆ ರಾಟೆಯ ಜೊತೆ ಊರೂರು ತಿರುಗಿದವಳು ಈ ವರ್ಷ ಮನೆ ಕಾಯುತ್ತಿದ್ದೇನೆ. ಹದಿನಾರು ಮರದ ಕುದುರೆಗಳಿಗೂ ಬಣ್ಣ ಹಚ್ಚಿ, ಕಣ್ಣು ಬರೆದು, ನಿನ್ನೆ ಬೆಳಿಗ್ಗೆ ಲಾರಿಗೆ ಏರಿಸಿದೆ. ಮಗ ಸೊಸೆ ಇಬ್ಬರೇ ಹೋದರು. ಮದುವೆಯಾಗಿ ಎರಡು ವರ್ಷವಾಯಿತು, ಅತ್ತೆಯ ಸೆರಗು ಹಿಡಿದು ಇನ್ನೆಷ್ಟು ದಿನ ತಿರುಗುತ್ತಾರೆ.

ನಿಮಗೆ ಭಾನುವಾರ ರಜೆ ಇರುತ್ತದಲ್ಲ. ಮೂಳೆ ವಾರ್ಡಿನಲ್ಲಿ ವರ್ಷವಿಡೀ ಮುರಿದ ಕೈಕಾಲು ನೋಡುವ ದಾದಿ ನೀವು, ಒಮ್ಮೆಯಾದರೂ ಜನ ನಗುವುದನ್ನು ನೋಡಿ ಬನ್ನಿ. ಈ ಬೇಸಿಗೆ ರಾಟೆ ಹೋಗುವ ದಾರಿ ಹೇಳುತ್ತೇನೆ. ಮೊದಲು ದೊಡ್ಡ ಉದ್ಯಾನದ ಹೂವಿನ ಪ್ರದರ್ಶನ, ಏಪ್ರಿಲ್ ನಡುವಿಗೆ. ಆರಂಭದ ದಿನ ಹೋಗಬೇಡಿ, ಭಾಷಣ ಕೇಳಿ ಕೇಳಿ ಹೂವೇ ಬಾಡಿರುತ್ತದೆ. ಆಮೇಲೆ ಗುಡ್ಡದ ಬಯಲಿನಲ್ಲಿ ಗಾಳಿಪಟದ ಮೇಳ. ತಲೆಗೆ ಬಟ್ಟೆ ಬಿಗಿಯಾಗಿ ಕಟ್ಟಿಕೊಳ್ಳಿ, ಅಲ್ಲಿಯ ಗಾಳಿ ಪಟಕ್ಕೂ ಟೋಪಿಗೂ ಭೇದ ಮಾಡುವುದಿಲ್ಲ. ಮೇ ಕೊನೆಗೆ ಕೆರೆಯಲ್ಲಿ ದೋಣಿ ಓಟ. ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಚೆಂದ ಅದೇ. ದಡದ ಮೆಟ್ಟಿಲ ಮೇಲೆ ಎಂಟು ಗಂಟೆಗೇ ಜಾಗ ಹಿಡಿಯಬೇಕು. ಜೂನ್‌ನಲ್ಲಿ ರೈಲ್ವೆ ಮೈದಾನದ ಬ್ಯಾಂಡ್ ಸ್ಪರ್ಧೆ. ಹದಿನೆಂಟು ತಂಡ ಒಟ್ಟಿಗೆ ಊದುತ್ತವೆ, ಪಕ್ಕದವರು ಕೂಗಿದರೂ ಕೇಳಿಸುವುದಿಲ್ಲ.

ಎಲ್ಲಿಗೆ ಹೋದರೂ ಮಕ್ಕಳು ಹೇಗಿದ್ದಾರೆ ಎಂದು ನನಗೆ ನಾಲ್ಕು ಸಾಲು ಬರೆಯಿರಿ. ನಿಮ್ಮ ಮಗಳು ಕೆಲಸದಲ್ಲಿ ಚುರುಕು, ಅದರಲ್ಲಿ ಎರಡು ಮಾತಿಲ್ಲ. ಬಾಯಿಯೂ ಅಷ್ಟೇ ಚುರುಕು. ಎದುರು ಮಾತು ಕಡಿಮೆ ಮಾಡು ಎಂದು ನೀವೊಮ್ಮೆ ಹೇಳಿ. ಅತ್ತೆ ಹೇಳಿದರೆ ಚುಚ್ಚುತ್ತದೆ, ತಾಯಿ ಹೇಳಿದರೆ ನಾಟುತ್ತದೆ.

ಇಂತಿ,
ನಿಮ್ಮ ಅಳಿಯನ ತಾಯಿ


ಏಪ್ರಿಲ್ 21
ದಾದಿಯರ ವಸತಿಗೃಹದಿಂದ

ಬೀಗಿತಿಯವರಿಗೆ ನಮಸ್ಕಾರಗಳು.

ನಿಮ್ಮ ಮಾತಿನಂತೆ ಆರಂಭದ ದಿನ ಬಿಟ್ಟು ಭಾನುವಾರ ಹೂವಿನ ಪ್ರದರ್ಶನಕ್ಕೆ ಹೋದೆ. ಹೂವಿಗಿಂತ ಜನ ಹೆಚ್ಚಿದ್ದರು. ಒಂದು ಡೇರೆಯಲ್ಲಿ ಬರೀ ಗುಲಾಬಿ, ಇನ್ನೊಂದರಲ್ಲಿ ಬಹುಮಾನ ಬಂದ ಕುಂಬಳಕಾಯಿಗೆ ರಿಬ್ಬನ್ ಕಟ್ಟಿ ಕೂರಿಸಿದ್ದರು. ಮದುವೆ ಗಂಡಿನ ಹಾಗೆ ಕಾಣುತ್ತಿತ್ತು. ನಿಮ್ಮ ಕುದುರೆಗಳ ಮುಂದೆ ಮಕ್ಕಳ ಸಾಲು ಬೇಲಿಯವರೆಗೆ ಇತ್ತು. ಕಪ್ಪು ಕುದುರೆಗೆ ನೀವು ಬರೆದ ಕಣ್ಣು ನೋಡಿ ಒಂದು ಮಗು ಹತ್ತಲು ಹೆದರಿ ಅತ್ತಿತು.

ಅಳಿಯಂದಿರು ಬಹಳ ಮರ್ಯಾದೆಯಿಂದ ಮಾತಾಡಿಸಿದರು. ಕುರ್ಚಿ ತರಿಸಿದರು, ತಂಪು ನೀರು ಕೊಟ್ಟರು. ಮಗಳು ಟಿಕೆಟ್ ಹರಿಯುತ್ತಿದ್ದಳು. ಅಷ್ಟು ಬಿಸಿಲಿನಲ್ಲೂ ಉದ್ದ ತೋಳಿನ ಅಂಗಿ ಹಾಕಿ, ಮಣಿಕಟ್ಟಿನವರೆಗೆ ಗುಂಡಿ ಹಾಕಿಕೊಂಡಿದ್ದಳು. ಕೇಳಿದರೆ “ಬಿಸಿಲಿಗೆ ಕೈ ಕಪ್ಪಾಗತ್ತಮ್ಮ” ಅಂದಳು. ಚಿಕ್ಕವಳಿದ್ದಾಗಿನಿಂದ ಬಿಸಿಲಿನಲ್ಲೇ ಬೆಳೆದವಳು, ಈಗ ಬಣ್ಣದ ಚಿಂತೆ ಬಂದಿರಬೇಕು. ಹಿಂದೆ ಯಾರೋ ಬಕೆಟ್ಟು ಕೆಡವಿದಾಗ ಕೈಯಲ್ಲಿದ್ದ ಟಿಕೆಟ್ ಪುಸ್ತಕ ಬಿಟ್ಟುಬಿಟ್ಟಳು. ನಿದ್ದೆ ಸಾಲದೋ ಏನೋ.

ನೀವು ಹೇಳಲು ಹೇಳಿದ ಮಾತನ್ನು ಹೇಳಿದೆ. “ಆಯ್ತಮ್ಮ” ಅಂದಳು. ಒಂದೇ ಸಲಕ್ಕೆ ಒಪ್ಪುವ ಹುಡುಗಿಯಲ್ಲ ಅವಳು.

ಮೊಣಕಾಲಿಗೆ ಬಿಸಿ ಶಾಖ ಕೊಡಿ, ಉಜ್ಜಬೇಡಿ.

ಇಂತಿ,
ನಿಮ್ಮ ಸೊಸೆಯ ತಾಯಿ


ಏಪ್ರಿಲ್ 29
ಬಣ್ಣದ ಶೆಡ್ಡಿನಿಂದ

ಬೀಗಿತಿಯವರಿಗೆ ನಮಸ್ಕಾರ.

ನಿಮ್ಮ ಪತ್ರ ಓದಿ ಕುಂಬಳಕಾಯಿಗೆ ನಕ್ಕೆ, ಉಳಿದದ್ದಕ್ಕೆ ನಗು ಬರಲಿಲ್ಲ. ಉದ್ದ ತೋಳು ಅಂತ ಯಾಕೆ ಅಷ್ಟು ಒತ್ತಿ ಬರೆದಿರಿ ತಿಳಿಯಲಿಲ್ಲ. ರಾಟೆಯ ಕೆಲಸವೆಂದರೆ ಗ್ರೀಸು, ಧೂಳು, ಬಿಸಿಲು. ಆ ಕಾಲದಲ್ಲಿ ನಾನೂ ಉದ್ದ ತೋಳೇ ಹಾಕುತ್ತಿದ್ದೆ. ಯಾರೂ ನನ್ನ ತಾಯಿಗೆ ಪತ್ರ ಬರೆಯಲಿಲ್ಲ.

ನನ್ನ ಮಗ ಮುಂಗೋಪಿ, ಇಲ್ಲವೆನ್ನುವುದಿಲ್ಲ. ಅಪ್ಪನ ಹಾಗೆ. ಆದರೆ ಹಾಲು ಉಕ್ಕಿದಷ್ಟೇ ಬೇಗ ಇಳಿಯುತ್ತದೆ. ಕೋಪ ಇಳಿದ ಮೇಲೆ ಅವನಷ್ಟು ಪ್ರೀತಿ ಮಾಡುವವರಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತೀರೇನೋ, ಅನ್ನಿ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತ ಹಿರಿಯರು ಹೇಳಿದ್ದಾರೆ. ನಡುವೆ ನಾವಿಬ್ಬರು ಮುದುಕಿಯರು ಕೂತು ಅವರ ತೋಳು ಅಳೆಯುವುದು ಬೇಡ.

ಗಾಳಿಪಟದ ಮೇಳಕ್ಕೆ ಖಂಡಿತ ಹೋಗಿ. ಮಧ್ಯಾಹ್ನ ಮೂರರ ಮೇಲೆ ಗಾಳಿ ಏಳುತ್ತದೆ.

ಇಂತಿ,
ನಿಮ್ಮ ಅಳಿಯನ ತಾಯಿ


ಮೇ 13
ದಾದಿಯರ ವಸತಿಗೃಹದಿಂದ

ಬೀಗಿತಿಯವರಿಗೆ ನಮಸ್ಕಾರಗಳು.

ಗಾಳಿಪಟದ ಮೇಳಕ್ಕೆ ನಾನು ಹೋಗಬೇಕಾಗಲಿಲ್ಲ. ಮೇಳದ ಮಾರನೆಯ ದಿನ ಮಗಳೇ ಬೆಳಗಿನ ಬಸ್ಸಿನಲ್ಲಿ ಬಂದಿಳಿದಳು, ಎಡಗೈಯನ್ನು ಒಂದು ಟವೆಲ್ಲಿನಲ್ಲಿ ಕುತ್ತಿಗೆಗೆ ಕಟ್ಟಿಕೊಂಡು. ಮುಂಗೈಯ ಒಂದು ಎಲುಬು ಮುರಿದಿತ್ತು. ನಮ್ಮ ವಾರ್ಡಿನಲ್ಲೇ ಪ್ಲಾಸ್ಟರ್ ಹಾಕಿಸಿದೆ. ರಾಟೆಯ ಸರಪಳಿಗೆ ಕೈ ಸಿಕ್ಕಿತಂತೆ.

ಐದು ದಿನ ನನ್ನ ಕೋಣೆಯಲ್ಲಿದ್ದಳು. ಹೆಚ್ಚು ಮಾತಾಡಲಿಲ್ಲ, ನಾನೂ ಕೆದಕಲಿಲ್ಲ. ಆರನೆಯ ದಿನ ಅಳಿಯಂದಿರು ಬಂದರು. ವಾರ್ಡಿನ ಜಗಲಿಯ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತು, “ಅತ್ತೆ, ಇನ್ಮೇಲೆ ಆ ಸರಪಳಿ ಹತ್ರ ಇವಳನ್ನ ಬಿಡೋದೇ ಇಲ್ಲ, ನನ್ನಾಣೆ” ಅಂದರು. ಕಣ್ಣಲ್ಲಿ ನೀರಿತ್ತು. ನಾನು ಬಟ್ಟೆ ಮಡಚಿ ಚೀಲಕ್ಕೆ ತುಂಬಿಕೊಟ್ಟೆ.

ಬಸ್ಸು ಹತ್ತುವ ಮೊದಲು ಮಗಳು ಮೆಟ್ಟಿಲ ಮೇಲೆ ನಿಂತು ಕೇಳಿದಳು: “ಅಮ್ಮಾ, ನನ್ನ ಇನ್ನೇನಾದ್ರೂ ಕೇಳೋದಿದ್ಯಾ ನಿಂಗೆ?”

“ಏನೂ ಇಲ್ಲಮ್ಮ. ಪ್ಲಾಸ್ಟರ್ ನೆನೆಸಬೇಡ” ಅಂದೆ.

ಹೀಗೆ ಎಲ್ಲ ಸುಖವಾಗಿ ಮುಗಿಯಿತು. ಆ ಸರಪಳಿಗೆ ಒಂದು ಮುಚ್ಚಳ ಮಾಡಿಸಲು ಮಗನಿಗೆ ಹೇಳಿ.

ಇಂತಿ,
ನಿಮ್ಮ ಸೊಸೆಯ ತಾಯಿ


ಮೇ 17
ಬಣ್ಣದ ಶೆಡ್ಡಿನಿಂದ

ಬೀಗಿತಿಯವರಿಗೆ ನಮಸ್ಕಾರ.

ಹೌದು, ಆ ಹಾಳು ಸರಪಳಿ. ಹಿಂದೆಯೂ ಒಂದೆರಡು ಸಲ ಹೀಗೆ ಆಗಿತ್ತು. ಮುಚ್ಚಳ ಮಾಡಿಸಲು ಬರೆದಿದ್ದೇನೆ. ನೀವು ಬುದ್ಧಿವಂತರು, ಅವಳನ್ನು ಒಳ್ಳೆಯ ಮಾತಿನಲ್ಲಿ ಕಳಿಸಿಕೊಟ್ಟಿರಿ. ನಿಮ್ಮ ಉಪಕಾರ ಮರೆಯುವುದಿಲ್ಲ.

ಕಾಲು ನೋವು ಜಾಸ್ತಿ, ಇಲ್ಲಿಗೇ ನಿಲ್ಲಿಸುತ್ತೇನೆ.

ಅಳಿಯನ ತಾಯಿ


ಜೂನ್ 2
ದಾದಿಯರ ವಸತಿಗೃಹದಿಂದ

ಬೀಗಿತಿಯವರಿಗೆ,

ದೋಣಿ ಓಟಕ್ಕೆ ಹೋಗಿದ್ದೆ. ಎಂಟಕ್ಕೇ ಮೆಟ್ಟಿಲ ಮೇಲೆ ಜಾಗ ಹಿಡಿದೆ. ದೋಣಿಗಳು ಚೆಂದವೇ ಇದ್ದಿರಬೇಕು, ನಾನು ದಡದ ಆ ಕಡೆ ನಿಮ್ಮ ರಾಟೆ ತಿರುಗುವುದನ್ನೇ ನೋಡುತ್ತಿದ್ದೆ. ಟಿಕೆಟ್ ಕಿಟಕಿಯಲ್ಲಿ ಮಗಳಿರಲಿಲ್ಲ.

ಹತ್ತಿರ ಹೋಗಿ ಕೇಳಿದೆ. “ಜ್ವರ ಅತ್ತೆ, ಮಲಗಿದ್ದಾಳೆ, ಎಬ್ಬಿಸ್ಬೇಡಿ” ಎಂದು ನಿಮ್ಮ ಮಗ ನಗುತ್ತಲೇ ಹೇಳಿದ. ಎಲ್ಲಿ ಮಲಗಿದ್ದಾಳೆ ಎಂದರೆ ಊರೊಳಗೆ ಒಂದು ಕೋಣೆ ಎಂದ. ಅಷ್ಟರಲ್ಲಿ ಲಾರಿಯ ಟಾರ್ಪಾಲಿನ ಹಿಂದೆ ಯಾರೋ ಕೆಮ್ಮಿದರು. ಇಪ್ಪತ್ತೈದು ವರ್ಷದಿಂದ ಕೇಳಿದ ಕೆಮ್ಮು ನನಗೆ ಗುರುತು ಸಿಗುವುದಿಲ್ಲವೇ. ಟಾರ್ಪಾಲಿನಿಂದ ಎರಡು ಮಾರು ದೂರದಲ್ಲಿ ನಿಂತಿದ್ದೆ. ಕೈ ಚಾಚಿ ಎತ್ತಲಿಲ್ಲ. ಎತ್ತಿದರೆ ಏನು ಕಾಣುತ್ತದೆ ಎಂದು ಗೊತ್ತಿತ್ತು, ಕಂಡ ಮೇಲೆ ಅವಳನ್ನು ಅಲ್ಲಿ ಬಿಟ್ಟು ಬರಲಾಗುವುದಿಲ್ಲ ಎಂದೂ ಗೊತ್ತಿತ್ತು.

ಅದರ ಬದಲು ರಾಟೆಯ ಸುತ್ತ ನಡೆದೆ. ಮೂರು ಸುತ್ತು ಬಂದೆ. ಪಕ್ಕದ ಮಳಿಗೆಯ ವೈರಿಂಗ್ ಕೆಲಸದವನು “ಏನು ಹುಡುಕ್ತಿದೀರಿ ತಾಯಿ?” ಅಂದ. ಇದರ ಸರಪಳಿ ಎಲ್ಲಿದೆ ಎಂದು ಕೇಳಿದೆ. “ಸರಪಳಿನಾ? ಇದು ಬೆಲ್ಟಿನ ಮೇಲೆ ತಿರುಗೋದು. ಅದೂ ಕಬ್ಬಿಣದ ಪೆಟ್ಟಿಗೆ ಒಳಗೆ. ಬೆರಳು ತೂರಿಸೋಕೂ ಜಾಗ ಇಲ್ಲ” ಅಂದ.

ಮೂವತ್ತೊಂದು ಬೇಸಿಗೆ ಆ ರಾಟೆಯ ಜೊತೆ ತಿರುಗಿದವರು ನೀವು. ಹಾಳು ಸರಪಳಿ ಎಂದು ಬರೆದವರೂ ನೀವೇ. ಎಲ್ಲಿದೆ ಆ ಸರಪಳಿ?

ಅವಳ ತಾಯಿ


ಜೂನ್ 24
ರೈಲ್ವೆ ಮೈದಾನದ ಬಳಿಯ ಆಸ್ಪತ್ರೆಯಿಂದ

ಬೀಗಿತಿ,

ಇಲ್ಲಿಯವರು ನಿಮ್ಮ ಆಸ್ಪತ್ರೆಗೆ ಫೋನು ಮಾಡಿ ಹೇಳಿದ್ದಾರಂತೆ, ನೀವು ನಾಳೆ ಬರುತ್ತೀರಂತೆ. ಎದುರಿಗೆ ನಿಂತು ಹೇಳುವ ಮುಖ ನನಗಿಲ್ಲ. ಈ ಕಾಗದವನ್ನು ಬಾಗಿಲಲ್ಲಿ ಕೊಟ್ಟು ಹೋಗುತ್ತೇನೆ.

ಸರಪಳಿ ಇಲ್ಲ. ಹದಿನಾಲ್ಕು ವರ್ಷದ ಹಿಂದೆ ತೆಗೆಸಿ ಬೆಲ್ಟು ಹಾಕಿಸಿದೆವು. ಸರಪಳಿ ಇದ್ದಾಗಲೂ ಅದು ಯಾರ ಕೈಯನ್ನೂ ಮುರಿಯಲಿಲ್ಲ. ನನ್ನ ಕೈ ಎರಡು ಸಲ ಮುರಿದದ್ದು ನನ್ನ ಗಂಡನಿಂದ. ಆಗ ‘ಸರಪಳಿ’ ಎಂದು ಮೊದಲು ಹೇಳಿದವಳು ನಾನೇ. ಮಗ ಪಕ್ಕದಲ್ಲಿ ನಿಂತು ಕೇಳಿಸಿಕೊಂಡಿದ್ದ. ಆ ಸುಳ್ಳು ಅವನಿಗೆ ಹೊಸದಾಗಿ ಕಟ್ಟಬೇಕಾಗಲಿಲ್ಲ, ಮನೆಯಲ್ಲೇ ಸಿಕ್ಕಿತು.

ನಿಮ್ಮ ಪತ್ರ ಬಂದ ಮೇಲೆ ಹದಿನೈದು ದಿನ ಸುಮ್ಮನಿದ್ದೆ. ಆಮೇಲೆ ತಡೆಯಲಾಗದೆ ಬಸ್ಸು ಹತ್ತಿದೆ. ಬ್ಯಾಂಡ್ ಸ್ಪರ್ಧೆಯ ಎರಡನೆಯ ದಿನ, ಮಧ್ಯಾಹ್ನ. ಸೊಸೆ ಟಿಕೆಟ್ ಕಿಟಕಿಯಲ್ಲಿ ಕೂತಿದ್ದಳು. ಬಲಗಡೆಯಿಂದ ಕರೆದೆ, ತಿರುಗಲಿಲ್ಲ. ಬ್ಯಾಂಡಿನ ಗದ್ದಲ ಅಂದುಕೊಂಡೆ. ಭುಜ ಮುಟ್ಟಿದರೆ ಬೆಚ್ಚಿಬಿದ್ದು, “ಈ ಕಡೆ ಬನ್ನಿ ಅತ್ತೆ. ಬಲಗಿವಿ ಕೇಳ್ಸಲ್ಲ, ದೋಣಿ ಓಟದ ದಿನದಿಂದ” ಅಂದಳು. ಹವಾಮಾನದ ಸುದ್ದಿ ಹೇಳಿದ ಹಾಗೆ ಹೇಳಿದಳು.

ಮಗ ನನ್ನನ್ನು ನೋಡಿ ಕಾಲಿಗೆ ಬಿದ್ದ, ಕುರ್ಚಿ ತಂದ. ಆಮೇಲೆ ಅವಳನ್ನು ಕಿಟಕಿಯ ಹಿಂದಿನ ಪರದೆಯೊಳಗೆ ಕರೆದ. “ನೀನೇ ತಾನೆ ಬರೆದು ಕರೆಸಿದ್ದು?” ಎಂದು ಕೇಳಿದ. ಅವಳು “ನಾನ್ಯಾಕೆ ಬರೀಲಿ, ಬರೆದ್ರೆ ಯಾರು ಬರ್ತಾರೆ?” ಅಂದಳು. ಕುದುರೆಯ ಕಂಬಕ್ಕೆ ಹಾಕುವ ಕಬ್ಬಿಣದ ಗೂಟ ಅವನ ಕೈಯಲ್ಲಿತ್ತು. ಪರದೆ ಪೂರ್ತಿ ಮುಚ್ಚಿರಲಿಲ್ಲ, ಮೂರು ಹೆಜ್ಜೆ ದೂರದಲ್ಲಿ ನಾನು ಕೂತಿದ್ದೆ. ಹೊರಗೆ ನಾಲ್ಕು ಬ್ಯಾಂಡು ಊದುತ್ತಿದ್ದವು. ಅವಳು ಕೂಗಿದ್ದು ನನ್ನನ್ನು ಬಿಟ್ಟು ಯಾರಿಗೂ ಕೇಳಿಸಲಿಲ್ಲ.

ಮೊಣಕಾಲು ಏಳಗೊಡಲಿಲ್ಲ ಎಂದು ಬರೆಯಬಹುದಿತ್ತು, ನೀವು ನಂಬುತ್ತಿದ್ದಿರಿ. ಎದ್ದೆ, ಬೀಗಿತಿ. ಎದ್ದು ಮೊದಲು ಮಾಡಿದ ಕೆಲಸ ಟಿಕೆಟ್ ಕಿಟಕಿ ಮುಚ್ಚಿದ್ದು. ಜನ ನೋಡಬಾರದು ಎಂದು. ಕಿಟಕಿ ಮುಚ್ಚಿ ತಿರುಗುವಷ್ಟರಲ್ಲಿ ಎರಡನೆಯ ಏಟು ತಲೆಗೆ ಬಿದ್ದಿತ್ತು. ಆಮೇಲೆ ಅವನ ಕೈ ಹಿಡಿದೆ. ಆಮೇಲೆ.

ಆಸ್ಪತ್ರೆಯಲ್ಲಿ ವೈದ್ಯರು ಕೇಳಿದಾಗ “ಬಿದ್ದಳು” ಅಂದೆ. ಬಾಯಿಗೆ ಅದೇ ಅಭ್ಯಾಸ. ದಾದಿ ಪುಸ್ತಕ ತೆಗೆದು ಬರೆಯತೊಡಗಿದಳು. ಸೊಸೆಗೆ ಎಚ್ಚರವಿತ್ತು. ಕಣ್ಣು ಮುಚ್ಚಿಕೊಂಡೇ, “ಬರ್ಕೊಳ್ಳಿ ಸಿಸ್ಟರ್. ನಮ್ಮಮ್ಮನೂ ಹಿಂಗೇ ಬರ್ಕೊಂಡ್ಲು” ಅಂದಳು.

ಆಗ ನಾನು ಆ ಪುಸ್ತಕದ ಮೇಲೆ ಕೈಯಿಟ್ಟು ಹೇಳಿದೆ, ಬಿದ್ದದ್ದಲ್ಲ, ನನ್ನ ಮಗ ಹೊಡೆದದ್ದು, ನಾನು ನೋಡಿದ್ದೇನೆ ಎಂದು. ಪೊಲೀಸರಿಗೂ ಅದನ್ನೇ ಹೇಳಿದೆ. ಅವನನ್ನು ಮೈದಾನದಿಂದ ಕರೆದುಕೊಂಡು ಹೋದಾಗ ರಾಟೆ ಇನ್ನೂ ತಿರುಗುತ್ತಿತ್ತು, ಮಕ್ಕಳು ಅದರ ಮೇಲಿದ್ದರು.

ಅವನ ತಾಯಿ


ಜುಲೈ 9
ದಾದಿಯರ ವಸತಿಗೃಹದಿಂದ

ಬೀಗಿತಿಯವರಿಗೆ,

ನಿಮ್ಮ ಕಾಗದ ಬಾಗಿಲಲ್ಲಿ ಕೊಟ್ಟರು. ಬಾಗಿಲಲ್ಲೇ ಓದಿದೆ.

ನನ್ನದನ್ನೂ ನಿಮಗೆ ಹೇಳಬೇಕು. ಸರಪಳಿಗೆ ಸಿಕ್ಕಿದ ಕೈಯಾದರೆ ಚರ್ಮ ಹರಿದಿರುತ್ತದೆ, ಬೆರಳು ಜಜ್ಜಿರುತ್ತದೆ. ಮುಖಕ್ಕೆ ಬೀಳುವ ಏಟನ್ನು ತಡೆಯಲು ಕೈ ಅಡ್ಡ ಹಿಡಿದವರಿಗೆ ಮುಂಗೈಯ ಹೊರಗಿನ ಎಲುಬು ಒಂದೇ ಮುರಿಯುತ್ತದೆ. ಇಪ್ಪತ್ತೆರಡು ವರ್ಷದಿಂದ ಅಂಥ ಕೈಗಳನ್ನು ನೋಡಿದ್ದೇನೆ. ಅವಳು ಟವೆಲ್ ಬಿಚ್ಚಿದ ಕೂಡಲೇ ಗೊತ್ತಾಯಿತು. ಗೊತ್ತಾಗಿಯೂ ವಾರ್ಡಿನ ಪುಸ್ತಕದಲ್ಲಿ ‘ಯಂತ್ರದ ಸರಪಳಿಗೆ ಸಿಕ್ಕಿ’ ಎಂದು ನನ್ನ ಕೈಯಾರೆ ಬರೆದೆ. ಅವಳು ಎದುರಿಗೆ ಕೂತು ನನ್ನ ಪೆನ್ನನ್ನೇ ನೋಡುತ್ತಿದ್ದಳು.

ಯಾಕೆ ಅಂತ ಕೇಳುತ್ತೀರಿ. ಅವಳ ತಂದೆ ನಮ್ಮನ್ನು ಬಿಟ್ಟು ಹೋದ ಮೇಲೆ ನಾನು ಒಂಟಿಯಾಗಿ ಬದುಕಿದೆ. ಬಾಡಿಗೆ ಮನೆ ಕೇಳಲು ಹೋದರೆ ಗಂಡ ಎಲ್ಲಿ ಅಂತ ಕೇಳುವ ಊರು. ಅದು ಅವಳಿಗೆ ಬೇಡ ಅಂತ ಇತ್ತು. ಮುರಿದ ಎಲುಬು ಆರು ವಾರಕ್ಕೆ ಕೂಡುತ್ತದೆ ಅಂದುಕೊಂಡೆ.

ಅಲ್ಲಿ ಮೂರು ದಿನ ಅವಳ ಮಂಚದ ಪಕ್ಕ ಕೂತಿದ್ದೆ. ಮೊದಲ ದಿನ ನನ್ನನ್ನು ಒಮ್ಮೆ ನೋಡಿ ಗೋಡೆಯ ಕಡೆ ಹೊರಳಿದಳು. ನಾನು ಒಂದು ಗಂಟೆ ಮಾತಾಡಿದೆ. ಕ್ಷಮಿಸು ಅಂದೆ, ಮನೆಗೆ ಬಾ ಅಂದೆ, ಇನ್ನು ಯಾರ ಜೊತೆಗೂ ಕಳಿಸಿಕೊಡುವುದಿಲ್ಲ ಅಂದೆ. ಆಮೇಲೆ ಗಮನಿಸಿದೆ. ಎಡಗಿವಿಯನ್ನು ದಿಂಬಿಗೆ ಒತ್ತಿಕೊಂಡು ಮಲಗಿದ್ದಳು. ನನ್ನ ಕಡೆ ಇದ್ದದ್ದು ಕೇಳಿಸದ ಕಿವಿ.

ನಾಲ್ಕನೆಯ ದಿನ ಹೋದಾಗ ಮಂಚ ಖಾಲಿಯಿತ್ತು. ತಾನೇ ರುಜು ಹಾಕಿ ಬಿಡುಗಡೆ ಮಾಡಿಸಿಕೊಂಡು ಹೋಗಿದ್ದಳು. ವಿಳಾಸದ ಜಾಗದಲ್ಲಿ ಒಂದು ಗೀಟು ಎಳೆದಿದ್ದಳು. ಪೊಲೀಸರಿಗೆ ಮಾತ್ರ ಗೊತ್ತಂತೆ, ಅವರು ಹೇಳುವುದಿಲ್ಲ. ಅವಳು ಬೇಡ ಎಂದಿದ್ದಾಳೆ.

ನಿನ್ನೆ ನಮ್ಮ ಮೇಲಧಿಕಾರಿಗೆ ಪುಸ್ತಕದ ಸುಳ್ಳನ್ನು ಒಪ್ಪಿ ಬರೆದುಕೊಟ್ಟೆ. ಕೆಲಸದಿಂದ ತೆಗೆದರೂ ತೆಗೆಯಬಹುದು. ಕೋರ್ಟಿನಲ್ಲೂ ಹೇಳುತ್ತೇನೆ. ನೀವು ಕಿಟಕಿ ಮುಚ್ಚಿದಿರಿ, ನಾನು ಚೀಲ ತುಂಬಿಕೊಟ್ಟೆ. ನಿಮ್ಮನ್ನು ಬೈಯಲು ಕೂತರೆ ಪೆನ್ನು ನನ್ನ ಕಡೆಗೇ ತಿರುಗುತ್ತದೆ.

ಸೊಸೆಯ ತಾಯಿ


ಫೆಬ್ರವರಿ 6
ಬಾಡಿಗೆ ಕೋಣೆಯಿಂದ

ಬೀಗಿತಿಯವರಿಗೆ ನಮಸ್ಕಾರಗಳು.

ಕೋರ್ಟಿನ ಹಜಾರದಲ್ಲಿ ಒಂದೇ ಬೆಂಚಿನಲ್ಲಿ ಕೂತರೂ ನಾವಿಬ್ಬರೂ ಮಾತಾಡಲಿಲ್ಲ. ನೀವು ಸಾಕ್ಷಿ ಹೇಳಿ ಕಟಕಟೆ ಇಳಿಯುವಾಗ ಕಾಲು ತಡವರಿಸಿತು, ಹಿಡಿಯಲು ಎದ್ದೆ, ಅಷ್ಟರಲ್ಲಿ ಪೇದೆ ಹಿಡಿದ. ಮಗಳು ತನ್ನ ಹೇಳಿಕೆ ಕೊಟ್ಟು ಪಕ್ಕದ ಬಾಗಿಲಿನಿಂದ ಹೋದಳು. ನಮ್ಮ ಬೆಂಚಿನ ಕಡೆ ತಿರುಗಲಿಲ್ಲ. ಮೂರು ವರ್ಷ ಶಿಕ್ಷೆ ಎಂದು ಓದಿದಾಗ ನೀವು ಅತ್ತಿರಿ. ನನಗೆ ಅಳು ಬರಲಿಲ್ಲ, ನಿಮ್ಮನ್ನು ನೋಡಿ ಕೋಪವೂ ಬರಲಿಲ್ಲ.

ಆಸ್ಪತ್ರೆಯ ಕೆಲಸ ಹೋಯಿತು. ಈಗ ಒಬ್ಬರು ಮುದುಕರನ್ನು ಅವರ ಮನೆಯಲ್ಲೇ ನೋಡಿಕೊಳ್ಳುತ್ತೇನೆ.

ಬರೆಯಲು ಕಾರಣ ಇದು. ಮೊನ್ನೆ ಒಂದು ಕಾರ್ಡು ಬಂತು. ಅವಳದ್ದೇ ಅಕ್ಷರ. ‘ಕೆಲಸ ಸಿಕ್ಕಿದೆ. ಹುಡುಕಬೇಡ.’ ಇಷ್ಟೇ. ಆದರೆ ಅಂಚೆಯ ಮುದ್ರೆ ಸ್ಪಷ್ಟವಾಗಿದೆ, ಊರು ಓದಬಹುದು. ನಾನು ಹೋಗುವುದಿಲ್ಲ, ಬೇಡವೆಂದಿದ್ದಾಳೆ. ಆದರೂ ಎಲ್ಲಿದ್ದಾಳೆ ಎಂದು ತಿಳಿದ ಮೇಲೆ ಏಳು ತಿಂಗಳಿಗೆ ಮೊದಲ ಸಲ ನಿದ್ದೆ ಬಂತು. ನಿಮಗೂ ಅಷ್ಟು ಸಮಾಧಾನ ಸಲ್ಲಬೇಕು. ಊರು ಯಾವುದೆಂದು ಬರೆಯಲೇ?

ಸೊಸೆಯ ತಾಯಿ


ಫೆಬ್ರವರಿ 15
ಬಣ್ಣದ ಶೆಡ್ಡಿನಿಂದ

ಬೀಗಿತಿಯವರಿಗೆ,

ಬರೆಯಬೇಡಿ.

ಪ್ರತಿ ತಿಂಗಳ ಮೊದಲ ಸೋಮವಾರ ಅವನನ್ನು ನೋಡಲು ಜೈಲಿಗೆ ಹೋಗುತ್ತೇನೆ. ಅವನು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಬೈಯುವುದಿಲ್ಲ. ಜಾಲರಿಯ ಆಚೆಯಿಂದ “ಅಮ್ಮಾ, ಕಾಲು ನೋವು ಹೇಗಿದೆ?” ಎಂದು ಕೇಳುತ್ತಾನೆ. ನಾನು ಸಾಕ್ಷಿ ಹೇಳಿದ್ದನ್ನು ಹೊಟ್ಟೆಗೆ ಹಾಕಿಕೊಂಡಿದ್ದಾನಂತೆ. ತೆಳ್ಳಗಾಗಿದ್ದಾನೆ. ಏಳುವ ಹೊತ್ತಿಗೆ ಮಾತ್ರ ಒಂದೇ ಪ್ರಶ್ನೆ. “ಅವಳು ಎಲ್ಲಿದ್ದಾಳೆ ಅಂತ ಏನಾದ್ರೂ ಗೊತ್ತಾಯ್ತಾ? ಕ್ಷಮೆ ಕೇಳ್ಬೇಕು, ಅಷ್ಟೆ.”

ಅವನ ಅಪ್ಪನೂ ಕ್ಷಮೆ ಕೇಳುತ್ತಿದ್ದರು. ಪ್ರತಿ ಸಲವೂ ಕೇಳುತ್ತಿದ್ದರು. ಅದರ ಅರ್ಥ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಆದರೂ ಈ ತಿಂಗಳ ಸೋಮವಾರ ಅವನು ಅಳುವಾಗ ನನ್ನ ಬಾಯಿಂದ ಬಂದ ಮಾತು “ವಿಚಾರಿಸ್ತೀನಿ ಮಗಾ” ಅಂತ. ಅಂದು ಮುಗಿದ ಮೇಲೆ ನನಗೆ ಕೇಳಿಸಿತು.

ಒಂದು ದಿನ ಕೋರ್ಟಿನಲ್ಲಿ ನಿಂತು ನಿಜ ಹೇಳಿದೆ. ಅಷ್ಟಕ್ಕೇ ನನ್ನನ್ನು ಗಟ್ಟಿ ಹೆಂಗಸು ಅಂದುಕೊಳ್ಳಬೇಡಿ. ಮೂರು ವರ್ಷ ಕಳೆಯುತ್ತದೆ. ಅವನು ಬಂದು ಈ ಶೆಡ್ಡಿನ ಬಾಗಿಲಲ್ಲಿ ಊಟ ಬಿಟ್ಟು ಎರಡು ದಿನ ಕೂತರೆ, ಮೂರನೆಯ ದಿನ ನಾನು ಊರಿನ ಹೆಸರು ಹೇಳಿಬಿಡುತ್ತೇನೆ. ಹೆತ್ತವಳು ನಾನು. ನನ್ನ ಮೇಲೆ ನನಗೆ ನಂಬಿಕೆಯಿಲ್ಲ.

ಆ ಕಾರ್ಡನ್ನು ಸುಟ್ಟುಬಿಡಿ. ನನಗೆ ಇನ್ನು ಏನೂ ಬರೆಯಬೇಡಿ, ಅವಳು ಚೆನ್ನಾಗಿದ್ದಾಳೆ ಎಂದು ಕೂಡ. ಈ ಕಾಗದಕ್ಕೂ ಉತ್ತರ ಬೇಡ. ಬಂದರೆ ಒಡೆಯದೆ ಒಲೆಗೆ ಹಾಕುತ್ತೇನೆ ಎಂದು ಬರೆಯಬೇಕೆಂದಿದ್ದೆ. ಹಾಕುವುದಿಲ್ಲ. ಒಡೆದು ಓದುತ್ತೇನೆ. ಅದಕ್ಕೇ ಬೇಡ ಅನ್ನುತ್ತಿರುವುದು.

ಅವನ ತಾಯಿ